ಜಪಾನಿಯಲ್ಲಿ ‘ದಿಢೀರ್ ಪ್ರಗತಿ’: ಹಿಯಕು, ಯಕುಶಿನ್, ಮೆಕಿಮೆಕಿ – ಎಲ್ಲಿ ಯಾವುದು?

ಜಪಾನಿ ಭಾಷಾ ಪರೀಕ್ಷೆ ಜೆಎಲ್‌ಪಿಟಿಯ ಎನ್3 ಹಂತ ಮುಗಿಸಿ ಎನ್2ಗೆ ಕಾಲಿಟ್ಟ ಕನ್ನಡಿಗರ ಬರವಣಿಗೆಯಲ್ಲಿ ಒಂದು ವಾಕ್ಯ ಆಗಾಗ ಕಾಣುತ್ತದೆ: ‘ತೊತ್ಸುಜೆನ್ ಜೋತತ್ಸು ಶಿಮಶಿತ’. ‘ದಿಢೀರನೆ ಸುಧಾರಿಸಿದೆ’ ಎಂದು ಹೇಳಹೊರಟದ್ದು. ವ್ಯಾಕರಣದಲ್ಲಿ ಲೋಪವಿಲ್ಲ. ಆದರೂ ಜಪಾನಿಯರು ಒಂದು ಕ್ಷಣ ತಡೆದು ನೋಡುತ್ತಾರೆ. ಜೋತತ್ಸು ಎಂದರೆ ಅಭ್ಯಾಸದಿಂದ ಕೈ ಪಳಗುವುದು. ತೊತ್ಸುಜೆನ್ ಬರುವುದು ಕರೆಂಟು ಹೋದಾಗ, ಬಾಗಿಲು ತೆರೆದಾಗ, ಯಾರೋ ಕುಸಿದು ಬಿದ್ದಾಗ. ಒಂದರ ಹಿಂದೆ ತಿಂಗಳುಗಟ್ಟಲೆ ದುಡಿಮೆ ಇದೆ, ಇನ್ನೊಂದರ ಹಿಂದೆ ಏನೂ ಇಲ್ಲ. ಎರಡನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದರೆ ಹೊಂದುವುದಿಲ್ಲ.

ತಪ್ಪಿನ ಮೂಲ ನಮ್ಮ ‘ದಿಢೀರ್’ ಪದದಲ್ಲಿದೆ. ದಿಢೀರ್ ಮಳೆ, ದಿಢೀರ್ ಬೆಲೆಯೇರಿಕೆ, ದಿಢೀರ್ ಶ್ರೀಮಂತ, ಕೊನೆಗೆ ದಿಢೀರ್ ದೋಸೆ ಹಿಟ್ಟು ಕೂಡ. ಕನ್ನಡದಲ್ಲಿ ಒಂದೇ ಪದ ಎಲ್ಲಕ್ಕೂ ಸಾಕು. ಜಪಾನಿಯಲ್ಲಿ ಏರುವುದು ಏನು, ಆ ಏರಿಕೆಯ ಆಕಾರ ಹೇಗಿದೆ, ಯಾರು ಯಾರ ಬಗ್ಗೆ ಹೇಳುತ್ತಿದ್ದಾರೆ ಎಂಬುದರ ಮೇಲೆ ಪದ ಬದಲಾಗುತ್ತದೆ. ನಿಘಂಟಿನ ಅರ್ಥ ಒಂದೇ ಇದ್ದರೂ ಜಾಗ ಬೇರೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮನೆಯಲ್ಲೇ ಕೂತು ಆ್ಯಪ್ ಹಿಡಿದು ಕಲಿಯುವವರಿಗೆ ಈ ಜಾಗ ತೋರಿಸುವವರು ಇರುವುದಿಲ್ಲ. ಅದಕ್ಕಾಗಿ ಈ ಬರಹ.

ಮೊದಲು ಉಚ್ಚಾರ

ಇಲ್ಲಿ ಜಪಾನಿ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದೆ. ಹ್ರಸ್ವ ಇದ್ದಲ್ಲಿ ಹ್ರಸ್ವ, ದೀರ್ಘ ಇದ್ದಲ್ಲಿ ದೀರ್ಘ ಓದಿ. ಹಿಯಕು ಎಂಬಲ್ಲಿ ‘ಯ’ ಹ್ರಸ್ವ, ಅದನ್ನು ‘ಹಿಯಾಕು’ ಎಂದು ಎಳೆಯಬೇಡಿ. ಜೋತತ್ಸು ಎಂಬಲ್ಲಿ ‘ಜೋ’ ದೀರ್ಘ. ಒ–ಓ, ಎ–ಏ ಭೇದ ನಮ್ಮ ಲಿಪಿಯಲ್ಲೇ ಇರುವುದರಿಂದ ಈ ವಿಷಯದಲ್ಲಿ ರೋಮನ್ ಅಕ್ಷರಕ್ಕಿಂತ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಳ್ಳುವುದೇ ಲೇಸು.

ಹಿಯಕು ಮೂರು ಮಾತ್ರೆಯ ಪದ: ಹಿ–ಯ–ಕು. ಅವಸರದಲ್ಲಿ ಹಿ ಮತ್ತು ಯ ಕೂಡಿಕೊಂಡರೆ ಅದು ‘ಹ್ಯಕು’ ಆಗುತ್ತದೆ, ಅಂದರೆ ನೂರು. ಆಸ್ಪತ್ರೆಗೆ ‘ಬ್ಯೋಇನ್’, ಬ್ಯೂಟಿ ಪಾರ್ಲರಿಗೆ ‘ಬಿಯೋಇನ್’ ಎನ್ನುವಲ್ಲಿ ಎಡವುವವರೇ ಇಲ್ಲೂ ಎಡವುತ್ತಾರೆ. ಬೆರಳಿನಿಂದ ಮೇಜು ತಟ್ಟಿಕೊಂಡು ಮೂರು ತಟ್ಟಿಗೆ ಮೂರು ಅಕ್ಷರ ಹೇಳಿ ನೋಡಿ.

ಹಿಯಕುತೆಕಿ, ಯಕುಶಿನ್ ಎರಡರಲ್ಲೂ ನಡುವಿನ ‘ಕು’ದ ಉಕಾರ ಬಹುತೇಕ ಕೇಳಿಸುವುದಿಲ್ಲ. ಕ, ಚ, ತ, ಪ, ಶ, ಸ ಮುಂತಾದ ಅಘೋಷಗಳ ನಡುವೆ ಸಿಕ್ಕಿದ ಇ, ಉ ಸ್ವರ ಉಸಿರಾಗಿ ಉಳಿಯುತ್ತದೆ. ಕಿವಿಗೆ ‘ಹಿಯಕ್‌ತೆಕಿ’, ‘ಯಕ್‌ಶಿನ್’ ಎಂದು ಬೀಳುತ್ತದೆ. ಆಲಿಸುವ ಪರೀಕ್ಷೆಯಲ್ಲಿ ಗೊತ್ತಿರುವ ಪದವೂ ಗುರುತು ಸಿಗದೆ ಹೋಗುವುದು ಇದರಿಂದಲೇ. ಶಿಂಪೊ, ಗುಂಗುನ್, ತೊಂತೊಂಬ್ಯೋಶಿ ಮುಂತಾದವುಗಳ ಅನುನಾಸಿಕವೋ, ನಮ್ಮ ಅನುಸ್ವಾರದ ಹಾಗೆಯೇ ಮುಂದಿನ ವ್ಯಂಜನಕ್ಕೆ ಹೊಂದಿಕೊಳ್ಳುತ್ತದೆ. ಅದರ ಚಿಂತೆ ಬೇಡ.

ಹಿಯಕು: ಒಂದೇ ನೆಗೆತಕ್ಕೆ ಮಜಲು ದಾಟಿದಾಗ

ಹಾರುವುದು, ನೆಗೆಯುವುದು ಎಂಬ ಎರಡು ಕಾಂಜಿ (ಚೀನಾದಿಂದ ಬಂದ ಚಿತ್ರಾಕ್ಷರ) ಸೇರಿ ಹಿಯಕು ಆಗಿದೆ. ಆದರೆ ಕಪ್ಪೆ ನೆಗೆದರೆ, ಹುಡುಗ ಕಾಲುಸಂಕ ಬಿಟ್ಟು ತೋಡನ್ನೇ ಹಾರಿದರೆ ಇಂದಿನ ಮಾತಿನಲ್ಲಿ ಹಿಯಕು ಬರುವುದಿಲ್ಲ. ಅದಕ್ಕೆ ‘ತೊಬು’ ಇದೆ, ಬರವಣಿಗೆಯಲ್ಲಾದರೆ ‘ಚೋಯಕು’ ಇದೆ. ಹಿಯಕು ಮಟ್ಟ ಬದಲಾಗುವುದಕ್ಕೆ: ಒಂದು ಹಂತದಲ್ಲಿದ್ದದ್ದು ನಡುವಿನ ಮೆಟ್ಟಿಲು ಬಿಟ್ಟು ಮೇಲಿನ ಹಂತಕ್ಕೆ ಹೋದಾಗ.

ಬಳಕೆಯಲ್ಲಿ ಹೆಚ್ಚು ಸಿಗುವುದು ‘ತೆಕಿ’ ಸೇರಿದ ರೂಪ. ನಾಮಪದದ ಮುಂದೆ ‘ಹಿಯಕುತೆಕಿ ನ’, ಕ್ರಿಯಾಪದದ ಮುಂದೆ ‘ಹಿಯಕುತೆಕಿ ನಿ’. ನಮ್ಮ ‘–ವಾದ’, ‘–ವಾಗಿ’ ಇದ್ದ ಹಾಗೆ. ಅದ್ಭುತವಾದ ಪ್ರಗತಿ ಎನ್ನುವಲ್ಲಿ ‘ನ’ (ಹಿಯಕುತೆಕಿ ನ ಶಿಂಪೊ), ಅದ್ಭುತವಾಗಿ ಹೆಚ್ಚಿತು ಎನ್ನುವಲ್ಲಿ ‘ನಿ’ (ಹಿಯಕುತೆಕಿ ನಿ ಫುಎತ). ಈ ಒಂದು ಜೋಡಿ ಕೈಗೆ ಬಂದರೆ ‘ತೆಕಿ’ಯಿಂದ ಕೊನೆಯಾಗುವ ಪದಗಳೆಲ್ಲ ಇದೇ ದಾರಿಗೆ ಬರುತ್ತವೆ.

ಜೊತೆಗೆ ಕೂರುವ ಕ್ರಿಯಾಪದಗಳು ಲೆಕ್ಕದವು. ನೊಬಿರು (ಬೆಳೆ), ಫುಎರು (ಸಂಖ್ಯೆಯಲ್ಲಿ ಹೆಚ್ಚು), ತಕಮರು (ಮಟ್ಟ ಏರು), ಕೋಜೋ ಸುರು (ಗುಣಮಟ್ಟ ಸುಧಾರಿಸು), ಶಿಂಪೊ ಸುರು (ಪ್ರಗತಿಯಾಗು), ಹತ್ತೆನ್ ಸುರು (ಊರು, ಉದ್ಯಮ, ದೇಶ ಅಭಿವೃದ್ಧಿಯಾಗು). ಇವನ್ನು ಹಿಯಕುತೆಕಿ ನಿ ಜೊತೆಗೇ ಬಾಯಿಪಾಠ ಮಾಡಿ. ಬಿಡಿಬಿಡಿಯಾಗಿ ಕಲಿತರೆ ಬರೆಯುವಾಗ ಜೋಡಣೆ ನೆನಪಾಗುವುದಿಲ್ಲ.

ಎಷ್ಟು ಏರಿದರೆ ಹಿಯಕು? ನಮ್ಮ ಜಿಲ್ಲೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರದ ಸಾಮರ್ಥ್ಯ 120 ಮೆಗಾವ್ಯಾಟ್ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹಂತಹಂತವಾಗಿ ಬಂದ ಶರಾವತಿ ವಿದ್ಯುದಾಗಾರದಲ್ಲಿ ತಲಾ 103.5 ಮೆಗಾವ್ಯಾಟಿನ 10 ಘಟಕ, ಒಟ್ಟು 1,035. ಇಂಥದ್ದಕ್ಕೆ ‘ದಮು ನೊ ಕನ್ಸೇ ನಿ ಯೊತ್ತೆ, ಹತ್ಸುದೆನ್‌ರ್ಯೋ ಗ ಹಿಯಕುತೆಕಿ ನಿ ಫುಎತ’ (ಅಣೆಕಟ್ಟು ಪೂರ್ಣಗೊಂಡದ್ದರಿಂದ ವಿದ್ಯುತ್ ಉತ್ಪಾದನೆ ಭಾರೀ ನೆಗೆತ ಕಂಡಿತು) ಎಂದು ಕಣ್ಣುಮುಚ್ಚಿ ಬರೆಯಬಹುದು. ಇದರಲ್ಲಿ ‘ನಿ ಯೊತ್ತೆ’ ಎಂಬ ಕಾರಣದ ತುಂಡನ್ನು ಗಮನಿಸಿ. ಹಿಯಕುತೆಕಿ ಇರುವ ವಾಕ್ಯದಲ್ಲಿ ನೆಗೆತಕ್ಕೆ ಚಿಮ್ಮುಹಲಗೆಯಾದದ್ದು ಏನು ಎಂಬುದೂ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ವಾಕ್ಯ ಜಾಹೀರಾತಿನಂತೆ ಕೇಳುತ್ತದೆ.

ಪರೀಕ್ಷೆಯ ಅಂಕಕ್ಕೂ ಇದೇ ಅಳತೆ. ಎನ್2 ಅಣಕು ಪರೀಕ್ಷೆಯಲ್ಲಿ 180ಕ್ಕೆ 95 ಬರುತ್ತಿದ್ದವರಿಗೆ 150 ಬಂದರೆ ಹಿಯಕುತೆಕಿ. 95 ಹೋಗಿ 104 ಬಂದರೆ ‘ಸುಕೊಶಿ ಅಗತ್ತ’, ಸ್ವಲ್ಪ ಏರಿತು, ಅಷ್ಟೇ.

ಇಳಿಕೆಗೆ, ಕೆಡುಕಿಗೆ ಹಿಯಕು ಹಾಕಬೇಡಿ. ‘ಹಿಯಕುತೆಕಿ ನಿ ಅಕ್ಕ ಸುರು’ (ಭಾರೀ ನೆಗೆತದಿಂದ ಹದಗೆಡುತ್ತದೆ) ಎಂದರೆ ರೋಗಕ್ಕೆ ಶಹಬ್ಬಾಸ್ ಹೇಳಿದಂತಾಗುತ್ತದೆ. ಕೆಟ್ಟದ್ದು ಬೇಗ ಹೆಚ್ಚಿದರೆ ‘ಕ್ಯೂಸೊಕು ನಿ’ ಅಥವಾ ಇನ್ನೂ ಕಡಿದಾಗಿದ್ದರೆ ‘ಕ್ಯೂಗೆಕಿ ನಿ’. ಅಪಘಾತ ಕಡಿಮೆಯಾದಂಥ ಒಳ್ಳೆಯ ಇಳಿಕೆಗೂ ಹಿಯಕುತೆಕಿ ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿ ‘ಓಹಬ ನಿ ಹೆತ್ತ’, ದೊಡ್ಡ ಪ್ರಮಾಣದಲ್ಲಿ ಇಳಿಯಿತು, ಎನ್ನುವುದು ಸಹಜ.

ಹಿಯಕುಗೆ ಒಂದು ಅಡ್ಡ ಮುಖವೂ ಇದೆ. ‘ರೊಂರಿ ನೊ ಹಿಯಕು’ ಎಂದರೆ ತರ್ಕದಲ್ಲಿ ಮೆಟ್ಟಿಲು ತಪ್ಪುವುದು, ಹೊಗಳಿಕೆಯಲ್ಲ. ಆಗುಂಬೆಯಲ್ಲಿ ಮಳೆ ಹೆಚ್ಚು, ಆದ್ದರಿಂದ ಅಲ್ಲಿ ಕೊಡೆ ಅಂಗಡಿ ಇಟ್ಟವನು ಕೋಟ್ಯಧಿಪತಿ ಎಂದು ಯಾರಾದರೂ ವಾದಿಸಿದರೆ ಉತ್ತರ: ‘ಸೊರೆ ವ ಹನಶಿ ಗ ಹಿಯಕು ಶಿಸುಗಿ ದೆಸು’, ಮಾತು ತೀರಾ ಹಾರಿಹೋಯಿತು. ಕಚೇರಿ ಸಭೆಯಲ್ಲಿ ನಿಮ್ಮ ಪ್ರಸ್ತಾವಕ್ಕೆ ಹಿಯಕು ಎಂಬ ಪದ ಕೇಳಿಬಂದರೆ ಹಿಗ್ಗುವ ಮೊದಲು ಅದರ ಹಿಂದೆ ‘ರೊಂರಿ’ಯೋ ‘ಹನಶಿ’ಯೋ ಇದೆಯೇ ನೋಡಿಕೊಳ್ಳಿ. ನೀವೇ ವಿಷಯ ಬದಲಿಸುವಾಗ ಮಾತ್ರ ಸರಳವಾಗಿ ‘ಹನಶಿ ಗ ತೊಬಿಮಸು ಗ’ ಎಂದರೆ ಸಾಕು.

ಯಕುಶಿನ್: ಪೈಪೋಟಿ ಇದ್ದಲ್ಲಿ

ಯಕುಶಿನ್‌ನಲ್ಲಿ ನೆಗೆತದ ಜೊತೆ ‘ಮುನ್ನಡೆ’ಯ ಕಾಂಜಿ ಇದೆ. ಹಿಯಕು ಮೇಲಕ್ಕೆ, ಯಕುಶಿನ್ ಮುಂದಕ್ಕೆ ಎಂದು ಇಟ್ಟುಕೊಂಡರೆ ಹೆಚ್ಚುಕಡಿಮೆ ಸರಿ. ಮುಂದಕ್ಕೆ ಎಂದ ಮೇಲೆ ಹಿಂದೆ ಬಿದ್ದವರೂ ಇರಬೇಕಷ್ಟೆ. ಆದ್ದರಿಂದ ಪಕ್ಷ, ತಂಡ, ಕಂಪನಿ, ಶ್ರೇಯಾಂಕ ಇವೇ ಅದರ ಕ್ಷೇತ್ರ. 2 ಸ್ಥಾನವಿದ್ದ ಹೊಸ ಪಕ್ಷ 15 ಗೆದ್ದರೆ ‘ಶಿಂತೋ ಗ ಯಕುಶಿನ್ ಶಿತ’. ಕಳೆದ ಸಲವೂ ಗೆದ್ದು ಈ ಸಲವೂ ಗೆದ್ದ ಪಕ್ಷಕ್ಕೆ ಯಕುಶಿನ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಜಪಾನಿ ಪತ್ರಿಕೆಗಳ ಚುನಾವಣಾ ಫಲಿತಾಂಶದ ತಲೆಬರಹದಲ್ಲಿ ಈ ಪದ ಕಾಯಂ.

ಒಬ್ಬ ವಿದ್ಯಾರ್ಥಿ ಚೆನ್ನಾಗಿ ಓದಿದ್ದಕ್ಕೆ ಯಕುಶಿನ್ ತುಸು ಅತಿಯಾಯಿತು. ಆದರೆ ಅವನು ತರಗತಿಯ 40ನೇ ಸ್ಥಾನದಿಂದ 3ಕ್ಕೆ ಬಂದರೆ, ಶ್ರೇಯಾಂಕದ ಮಾತಾದ್ದರಿಂದ, ‘ಸನ್‌ಇ ನಿ ಯಕುಶಿನ್ ಶಿತ’ ಒಪ್ಪುತ್ತದೆ.

ಹಿಯಕು ಸುರು, ಯಕುಶಿನ್ ಸುರು ಎರಡೂ ಅಕರ್ಮಕ. ‘ಕಂಪನಿಯನ್ನು ಬೆಳೆದರು’ ಎಂದು ಕನ್ನಡದಲ್ಲಿ ಹೇಗೆ ಆಗುವುದಿಲ್ಲವೋ ಹಾಗೆಯೇ ‘ಕೈಶ ಒ ಯಕುಶಿನ್ ಸುರು’ ಆಗುವುದಿಲ್ಲ. ಬೆಳೆಸಿದರು ಎನ್ನಲು ‘ಯಕುಶಿನ್ ಸಸೆರು’. ಇನ್ನು ‘ತೊಗೆರು’ (ಸಾಧಿಸು) ಸೇರಿಸಿ ‘ಯಕುಶಿನ್ ಒ ತೊಗೆರು’, ‘ಹಿಯಕು ಒ ತೊಗೆರು’ ಎಂದರೆ ಬರವಣಿಗೆಗೆ ತೂಕ ಬರುತ್ತದೆ. ಬಾಯಿಮಾತಿಗೆ ಅದು ಭಾರ. ದೊಡ್ಡದನ್ನು ‘ದೈಯಕುಶಿನ್’ ಎಂದು ಕ್ರೀಡಾ ಸುದ್ದಿಯಲ್ಲಿ ಧಾರಾಳವಾಗಿ ಬರೆಯುತ್ತಾರೆ. ಆದರೆ ಇತಿಹಾಸದ ಪುಟದಲ್ಲಿ ಅದೇ ಪದ 1958ರಲ್ಲಿ ಚೀನಾದಲ್ಲಿ ಮಾವೊ ಆರಂಭಿಸಿದ ‘ಮಹಾ ಜಿಗಿತ’ದ ಹೆಸರು. ಅದು ಭೀಕರ ಬರಗಾಲದಲ್ಲಿ ಕೊನೆಯಾಯಿತು. ಹಾಗಾಗಿ ಚೀನಾದ ಆರ್ಥಿಕತೆಯ ಬಗ್ಗೆ ಬರೆಯುವಾಗ ದೈಯಕುಶಿನ್ ಎಂದು ಹೊಗಳಲು ಹೋಗಬೇಡಿ.

ಮೆಕಿಮೆಕಿ, ಗುಂಗುನ್: ಕನ್ನಡಿಗರಿಗೆ ಸುಲಭವಾಗಬೇಕಾದ ಜಾಗ

ಜಪಾನಿ ಅನುಕರಣ ಪದಗಳನ್ನು ಕಂಡು ಬೇರೆ ಭಾಷೆಯವರು ಬೆವರುತ್ತಾರೆ. ಸರಸರ, ದಡದಡ, ಚಕಚಕ, ಗಿಜಿಗಿಜಿ ಎಂದು ದಿನಬೆಳಗಾದರೆ ಹೇಳುವ ನಮಗೆ ಅದೇನೂ ಹೊಸ ವಸ್ತುವಲ್ಲ. ಸರಸರನೆ ಅಥವಾ ಸರಸರ ಅಂತ ಎನ್ನುವ ಹಾಗೆ ಅವರು ‘ಮೆಕಿಮೆಕಿ’ ಅಥವಾ ‘ಮೆಕಿಮೆಕಿ ತೊ’ ಎನ್ನುತ್ತಾರೆ. ಈ ‘ತೊ’ ನಮ್ಮ ‘ಅಂತ’ದ್ದೇ ಕೆಲಸ ಮಾಡುತ್ತದೆ, ‘ಬರುತ್ತೇನೆ ಅಂತ ಹೇಳಿದ’ ಎನ್ನುವಲ್ಲಿ ಬರುವುದೂ ಇದೇ ‘ತೊ’. ಮೆಕಿಮೆಕಿಯ ಜೊತೆ ಅದನ್ನು ಹಾಕಿದರೂ ಸರಿ, ಬಿಟ್ಟರೂ ಸರಿ. ಹಾಕಬಾರದ್ದು ‘ನಿ’. ‘ಮೆಕಿಮೆಕಿ ನಿ’ ತಪ್ಪು. ನಾಮಪದದ ಮುಂದೆ ‘ಮೆಕಿಮೆಕಿ ನ ಶಿಂಪೊ’ ಕೂಡ ತಪ್ಪು. ಕ್ರಿಯಾಪದದ ಮುಂದೆ ಮಾತ್ರ ಇಡಿ.

ಮೆಕಿಮೆಕಿ ಎಂದರೆ ಕಣ್ಣಿಗೆ ಕಾಣುವ ಹಾಗೆ, ದಿನದಿಂದ ದಿನಕ್ಕೆ. ಕಲೆ, ಭಾಷೆ, ಆಟದಲ್ಲಿ ಪಳಗುವುದಕ್ಕೆ, ಕಾಯಿಲೆಯಿಂದ ಚೇತರಿಸಿಕೊಳ್ಳುವುದಕ್ಕೆ. ಯಕ್ಷಗಾನದ ಹೆಜ್ಜೆ ಕಲಿಯುತ್ತಿರುವ ಹುಡುಗಿ ಪ್ರತಿ ವಾರ ಒಂದಷ್ಟು ಸುಧಾರಿಸುತ್ತಿದ್ದರೆ ‘ಒದೊರಿ ಗ ಮೆಕಿಮೆಕಿ ಜೋತತ್ಸು ಶಿತೆ ಇರು’. ಇಲ್ಲಿ ಹಿಯಕುತೆಕಿ ಹಾಕಿದರೆ ತಪ್ಪಲ್ಲ, ಆದರೆ ವಾಕ್ಯ ವರದಿಯ ಭಾಷೆಗೆ ತಿರುಗುತ್ತದೆ. ಮೊದಲಿನ ಸ್ಥಿತಿ, ಈಗಿನ ಸ್ಥಿತಿ ಎರಡನ್ನೇ ಪಕ್ಕಪಕ್ಕ ಇಟ್ಟು ಅಳೆಯುವುದು ಹಿಯಕು. ನಡುವಿನ ದಿನಗಳೆಲ್ಲ ಕಣ್ಣಮುಂದಿದ್ದರೆ ಮೆಕಿಮೆಕಿ.

ಅದಕ್ಕೇ ಕ್ರಿಯಾಪದದ ಬಾಲವೂ ಬೇರೆ. ಹಿಯಕುತೆಕಿ ಜೊತೆ ಮುಗಿದುಹೋದ ‘ಶಿತ’ ಸಲೀಸು. ಮೆಕಿಮೆಕಿಗೆ ‘ಶಿತೆ ಇರು’ (ಆಗುತ್ತಿದೆ) ಅಥವಾ ‘ಶಿತೆ ಕಿತ’ ಚೆನ್ನ. ಈ ಕಿತ ಎಂದರೆ ‘ಬಂತು’. ಸುಧಾರಿಸುತ್ತಾ ಬಂತು, ಬೆಳೆಯುತ್ತಾ ಬಂತು ಎಂದು ನಾವೂ ‘ಬರು’ ಕ್ರಿಯಾಪದವನ್ನೇ ಹಚ್ಚುತ್ತೇವಲ್ಲ, ಅದೇ. ಮುಂದಿನ ಕಾಲಕ್ಕೆ ‘ನೊಬಿತೆ ಇಕು’, ಬೆಳೆಯುತ್ತಾ ಹೋಗುತ್ತದೆ. ಇಲ್ಲಿ ಹಿಂದಿನದಕ್ಕೆ ಬರು, ಮುಂದಿನದಕ್ಕೆ ಹೋಗು ಎಂಬ ಲೆಕ್ಕ ಎರಡೂ ಭಾಷೆಯಲ್ಲಿ ಒಂದೇ. ಇಂಗ್ಲಿಷ್ ಪಠ್ಯಪುಸ್ತಕದ ಮೂಲಕ ಕಲಿಯುವವರು ಈ ರೂಪಕ್ಕೆ ಅರ್ಧ ಪುಟ ವಿವರಣೆ ಓದಿ ತಲೆ ಕೆಡಿಸಿಕೊಳ್ಳುತ್ತಾರೆ. ಆ ಪುಟ ಮಗುಚಿ ಕನ್ನಡದಲ್ಲಿ ಯೋಚಿಸಿದರೆ ಕೆಲಸ ಮುಗಿಯಿತು.

ಗುಂಗುನ್‌ನಲ್ಲಿ ಕೌಶಲಕ್ಕಿಂತ ರಭಸ ಮುಖ್ಯ. ಮಗು ಎತ್ತರವಾಗುವುದು, ಉಷ್ಣಾಂಶ ಏರುವುದು, ಓಟಗಾರ ಉಳಿದವರನ್ನು ಬಿಟ್ಟು ಮುಂದೆ ಹೋಗುವುದು. ಜುಲೈನಲ್ಲಿ ತುಂಗೆ ಉಕ್ಕುವಾಗ ‘ಕವ ನೊ ಮಿಜು ಗ ಗುಂಗುನ್ ಫುಎತೆ ಇರು’. ಒಳ್ಳೆಯದು ಕೆಟ್ಟದ್ದು ಎಂಬ ಭೇದ ಇದಕ್ಕಿಲ್ಲ. ನೀರಿಗೆ ಮೆಕಿಮೆಕಿ ಹಾಕಿದರೆ ಮಾತ್ರ ನದಿ ಏನೋ ಟ್ಯೂಷನ್ನಿಗೆ ಹೋಗುತ್ತಿದೆ ಅನ್ನಿಸುತ್ತದೆ.

‘ಇಕ್ಕಿನಿ’ ಎಂಬುದನ್ನೂ ಇಲ್ಲೇ ಸೇರಿಸಬಹುದು: ಒಂದೇ ಉಸಿರಿಗೆ, ನಡುವೆ ನಿಲ್ಲದೆ. ಪುಸ್ತಕ ಒಂದೇ ಪಟ್ಟಿಗೆ ಓದಿ ಮುಗಿಸುವುದಕ್ಕೂ, ತಿಂಗಳೊಪ್ಪತ್ತಿನಲ್ಲಿ ಅಂಕ ಜಿಗಿಯುವುದಕ್ಕೂ ಬರುತ್ತದೆ. ಬಾಯಿಮಾತಿನಲ್ಲಿ ಹಿಯಕುತೆಕಿ ಭಾರ ಅನ್ನಿಸಿದಾಗ ‘ಇಕ್ಕಿನಿ ನೊಬಿತ’ ಎಂದುಬಿಡಿ. ಗೆಳೆಯರ ನಡುವೆ ‘ಕ್ಯೂನಿ ಉಮಕು ನತ್ತ’ ಕೂಡ ನಡೆಯುತ್ತದೆ, ಆದರೆ ಅದರಲ್ಲಿ ‘ಅರೆ, ಇವನಾ!’ ಎಂಬ ಅಚ್ಚರಿ ಇಣುಕುತ್ತದೆ.

ತೊಂತೊಂಬ್ಯೋಶಿ, ಮತ್ತು ಬರೀ ತೊಂತೊನ್

ಅಡ್ಡಿಯಿಲ್ಲದೆ ಕೆಲಸ ಒಂದರ ಹಿಂದೊಂದು ಸಾಗಿದರೆ ‘ತೊಂತೊಂಬ್ಯೋಶಿ’. ಹೂವೆತ್ತಿದ ಹಾಗೆ ಆಯಿತು ಅನ್ನುತ್ತೇವಲ್ಲ, ಆ ಜಾಗಕ್ಕೆ. ಮದುವೆ ಮಾತುಕತೆ, ಬಡ್ತಿ, ವ್ಯಾಪಾರದ ಒಪ್ಪಂದ ಇತ್ಯಾದಿಗೆ ‘ಹನಶಿ ಗ ತೊಂತೊಂಬ್ಯೋಶಿ ನಿ ಸುಸುಂದ’. ಇದು ನಾಮಪದವಾದ್ದರಿಂದ ‘ನಿ’ ಬೇಕು, ಮೆಕಿಮೆಕಿಯ ತದ್ವಿರುದ್ಧ. ಬಾಲ ಕತ್ತರಿಸಿ ಬರೀ ‘ತೊಂತೊನ್’ ಎಂದರೆ ಮಾತ್ರ ಅರ್ಥವೇ ಬೇರೆ: ಖರ್ಚಿಗೂ ಆದಾಯಕ್ಕೂ ಸಮ. ‘ಕೊತೊಶಿ ನೊ ಶೂಶಿ ವ ತೊಂತೊನ್ ದ’ ಎಂದ ರೈತ ಈ ವರ್ಷ ಲಾಭವೂ ಇಲ್ಲ ನಷ್ಟವೂ ಇಲ್ಲ ಎನ್ನುತ್ತಿದ್ದಾನೆ. ಅಭಿನಂದಿಸಲು ಹೋಗಬೇಡಿ.

ಹಾವುಮೀನು, ಕೊಯಿ ಮೀನು, ಕಳಲೆ

ಬೆಲೆ, ಜನಪ್ರಿಯತೆ, ಉಷ್ಣಾಂಶ ಎಡೆಬಿಡದೆ ಏರುವುದಕ್ಕೆ ‘ಉನಗಿನೊಬೊರಿ’, ಹಾವುಮೀನಿನ ಏರಿಕೆ. ಅಡಿಕೆ ಧಾರಣೆ ಏರುಗತಿಯಲ್ಲಿದ್ದಾಗ ‘ನೆದನ್ ಗ ಉನಗಿನೊಬೊರಿ ನಿ ಅಗತ್ತ’. ಕೌಶಲಕ್ಕೆ ಇದು ಬೇಡ.

ಕೊಯಿ ಮೀನು ಜಲಪಾತ ಏರುವುದು ‘ಕೊಯಿ ನೊ ತಕಿನೊಬೊರಿ’, ಬಾಳಿನಲ್ಲಿ ಮೇಲೇರುವುದರ ಸಂಕೇತ. ಚೀನಾದ ಹಳದಿ ನದಿಯ ‘ಡ್ರ್ಯಾಗನ್ ದ್ವಾರ’ ಏರಿದ ಮೀನು ಡ್ರ್ಯಾಗನ್ ಆಯಿತೆಂಬ ಐತಿಹ್ಯದಿಂದ ಬಂದದ್ದು. ಮೇ 5ರ ಮಕ್ಕಳ ದಿನಕ್ಕೆ ಬಟ್ಟೆಯ ಮೀನುಗಳನ್ನು ಕಂಬಕ್ಕೆ ಹಾರಿಸುವ ರೂಢಿಯೂ ಇದಕ್ಕೇ ಕೊಂಡಿ. (ಜೋಗದ 253 ಮೀಟರ್ ಏರಿ ಎಂದು ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಮೀನುಗಳನ್ನು ಒತ್ತಾಯಿಸುವುದು ಬೇಡ.) ಈ ಐತಿಹ್ಯದಿಂದಲೇ ಬಂದ ‘ತೋರ್ಯೂಮೊನ್’ ಇಂದಿಗೂ ಚಾಲ್ತಿಯಲ್ಲಿದೆ. ಅದು ಹೊಸಬರು ಒಮ್ಮೆಗೆ ಮುಂದೆ ಬರಲು ದಾಟಬೇಕಾದ ಬಾಗಿಲು. 1935ರಲ್ಲಿ ಶುರುವಾದ ಅಕುತಗವ ಪ್ರಶಸ್ತಿಯನ್ನು ಹೊಸ ಲೇಖಕರ ತೋರ್ಯೂಮೊನ್ ಎನ್ನುವುದು ವಾಡಿಕೆ.

ಮಲೆನಾಡಿನವರು ಎಡವುವ ಗಾದೆ ಇನ್ನೊಂದಿದೆ: ‘ಉಗೊ ನೊ ತಕೆನೊಕೊ’, ಮಳೆಯ ನಂತರದ ಕಳಲೆ. ಮಳೆಗಾಲದಲ್ಲಿ ಬಿದಿರು ಮೆಳೆಯ ಬುಡದಲ್ಲಿ ಕಳಲೆ ರಾತ್ರಿ ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ಬಂದದ್ದನ್ನು ಕಂಡವರು ಇದನ್ನು ವೇಗದ ಬೆಳವಣಿಗೆಗೆ ಹಚ್ಚುತ್ತಾರೆ. ಜಪಾನಿಯಲ್ಲಿ ಅದರ ಅರ್ಥ ವೇಗವಲ್ಲ, ಸಂಖ್ಯೆ. ಒಂದೇ ಬಗೆಯವು ಒಂದರ ಹಿಂದೊಂದು ಹುಟ್ಟಿಕೊಳ್ಳುವುದು. ನಮ್ಮ ‘ನಾಯಿಕೊಡೆಗಳಂತೆ ತಲೆಯೆತ್ತಿವೆ’ಗೆ ಸಮ. ಮಗ ಕಳಲೆ ಹಾಗೆ ಬೆಳೆದ ಎನ್ನಲು ಗುಂಗುನ್ ಸಾಕು.

ಪತ್ರಿಕೆಗಳ ಪ್ರಿಯವಾದ ‘ದಾಪುಗಾಲು’ ಮಾತ್ರ ಹಾಗ್ಹಾಗೇ ಸಿಗುತ್ತದೆ: ‘ಚೋಸೊಕು ನೊ ಶಿಂಪೊ’, ಉದ್ದಕಾಲಿನ ಪ್ರಗತಿ. ಬರವಣಿಗೆಯ ಪದ, ಮಾತಿಗಲ್ಲ. ತಂತ್ರಜ್ಞಾನ ದಿನೇದಿನೇ ಮುಂದುವರಿಯುತ್ತಲೇ ಇದೆ ಎನ್ನಲು ‘ಗಿಜುತ್ಸು ವ ನಿಶ್ಶಿನ್ ಗೆಪ್ಪೊ ದ’.

ತನ್ನ ಬಗ್ಗೆ, ಗುರುಗಳ ಬಗ್ಗೆ

ಪದ ಸರಿಯಿದ್ದೂ ಮಾತು ಕೆಡುವುದು ಇಲ್ಲಿ. ‘ನನ್ನ ಜಪಾನಿ ಹಿಯಕುತೆಕಿ ಸುಧಾರಿಸಿದೆ’ ಎಂದು ಸಂದರ್ಶನದಲ್ಲಿ ಹೇಳಿದರೆ ತನ್ನ ಬೆನ್ನು ತಾನೇ ತಟ್ಟಿಕೊಂಡಂತೆ. ಮೆಕಿಮೆಕಿಯೂ ನೋಡುವವರು ಹೇಳಬೇಕಾದ ಪದ. ಯಾರಾದರೂ ಹೊಗಳಿದರೆ ‘ಮದಮದ ದೆಸು’ (ಇನ್ನೂ ಸಾಲದು), ಕಲಿಕೆ ಹೇಗಿದೆ ಎಂದು ಕೇಳಿದರೆ ‘ಒಕಗೆಸಮದೆ, ಸುಕೊಶಿ ಜುತ್ಸು ದೆಕಿರು ಯೋ ನಿ ನತ್ತೆ ಕಿಮಶಿತ’ (ನಿಮ್ಮ ದಯೆಯಿಂದ ಸ್ವಲ್ಪಸ್ವಲ್ಪವಾಗಿ ಆಗುತ್ತಾ ಬಂದಿದೆ). ಅಂಕ, ಸಂಖ್ಯೆ ಇದ್ದರೆ ಅದನ್ನೇ ಹೇಳಿ, ವಿಶೇಷಣವನ್ನು ಕೇಳುವವರಿಗೆ ಬಿಡಿ.

ಮುಂದೆ ಆಗಬೇಕಾದ್ದಕ್ಕೆ ಮಾತ್ರ ತನ್ನ ಬಗ್ಗೆಯೂ ಹಿಯಕು ಸಲ್ಲುತ್ತದೆ. ‘ಕೊತೊಶಿ ಒ ಹಿಯಕು ನೊ ತೊಶಿ ನಿ ಶಿತೈ’, ಈ ವರ್ಷವನ್ನು ನೆಗೆತದ ವರ್ಷವಾಗಿಸಬೇಕು, ಎಂಬುದು ಹೊಸವರ್ಷದ ಶುಭಾಶಯದಲ್ಲಿ ಸಾಮಾನ್ಯ. 2023 ಜಪಾನಿ ಪಂಚಾಂಗದಲ್ಲಿ ಮೊಲದ ವರ್ಷ. ಮೊಲ ನೆಗೆಯುವ ಪ್ರಾಣಿಯಾದ್ದರಿಂದ ಆ ಜನವರಿಯ ಭಾಷಣಗಳಲ್ಲಿ ಹಿಯಕು ತುಂಬಿತ್ತು. ಮುಂದಿನ ಮೊಲ 2035ಕ್ಕೆ. ಕಂಪನಿಗಳ ಘೋಷಣೆಯಲ್ಲಿ ‘ಸರ ನರು ಹಿಯಕು ಒ ಮೆಜಶಿತೆ’ (ಮತ್ತಷ್ಟು ಎತ್ತರಕ್ಕೆ) ಎಂದಿರುತ್ತದೆ.

ಶಿಕ್ಷಕರಿಗೆ, ಮೇಲಧಿಕಾರಿಗೆ ‘ಜೋತತ್ಸು ಶಿಮಶಿತ ನೆ’ ಅನ್ನಬಾರದು. ಸುಧಾರಿಸಿದಿರಿ ಎಂದರೆ ಮೊದಲು ಕೊರತೆಯಿತ್ತು, ಅದನ್ನು ಅಳೆದದ್ದು ನಾನು ಎಂದಾಯಿತು. ಅಲ್ಲಿಗೆ ‘ಬೆಂಕ್ಯೋ ನಿ ನರಿಮಶಿತ’, ನನಗೆ ಕಲಿಯಲು ಸಿಕ್ಕಿತು, ಎಂದರೆ ಮರ್ಯಾದೆ. ಆಟಗಾರನೊಬ್ಬ ಒಂದು ಋತುವಿನಲ್ಲಿ ಗುರುತೇ ಸಿಗದಷ್ಟು ಮೇಲೆ ಬಂದರೆ ‘ಬಕೆತ’ ಎನ್ನುವುದುಂಟು, ನರಿ ವೇಷ ಬದಲಿಸಿದಾಗ ಹೇಳುವ ಕ್ರಿಯಾಪದವೇ ಅದು. ಅದನ್ನು ಗ್ಯಾಲರಿಯಲ್ಲಿ ಕೂತವರು ತಮ್ಮತಮ್ಮೊಳಗೆ ಹೇಳಿಕೊಳ್ಳುತ್ತಾರೆ, ಮುಖದೆದುರು ಅಲ್ಲ.

ಕೆಲಸಕ್ಕೆ ಅರ್ಜಿ ಹಾಕಿದವರು ಯಕು ಸೇರಿದ ಇನ್ನೊಂದು ಪದ ತಿಳಿದಿರಲಿ: ‘ಕತ್ಸುಯಕು’, ಲವಲವಿಕೆಯಿಂದ ಮಿಂಚುವುದು. ‘ಕೊಂಗೊ ನೊ ಗೊಕತ್ಸುಯಕು ಒ ಒಇನೊರಿ ಮೋಶಿಅಗೆಮಸು’ (ಮುಂದೆ ನೀವು ಮಿಂಚಲೆಂದು ಪ್ರಾರ್ಥಿಸುತ್ತೇವೆ) ಎಂದು ಕಂಪನಿಯ ಮೇಲ್ ಮುಗಿದಿದ್ದರೆ ಕೆಲಸ ಸಿಗಲಿಲ್ಲ ಎಂದರ್ಥ. ಇದಕ್ಕೆ ಜಪಾನಿ ಹುಡುಗರು ಇಟ್ಟ ಹೆಸರು ‘ಒಇನೊರಿ ಮೇರು’, ಪ್ರಾರ್ಥನಾ ಮೇಲ್.

ಏರಿಕೆ ನಿಂತಾಗ ಹೇಳಲೂ ಪದ ಬೇಕು. ಅಂಕ ಏರದೆ ಸತಾಯಿಸಿದರೆ ‘ತೆನ್‌ಸೂ ಗ ನೊಬಿನಯಂದೆ ಇರು’. ಇನ್ನು ಮೇಲೆ ಹೋಗುವಂತೆಯೇ ಇಲ್ಲ ಎಂಬಷ್ಟು ತಲೆ ಚಾವಣಿಗೆ ತಾಗಿದರೆ ‘ಅತಮಉಚಿ’. ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದರೆ ‘ಅಶಿಬುಮಿ’.

ಕಾಂಜಿ ಮತ್ತು ಟೈಪಿಂಗ್

‘ಯಕು’ ಕಾಂಜಿಗೆ 21 ಗೆರೆ. ಎಡಕ್ಕೆ ಕಾಲು, 7 ಗೆರೆ. ಬಲಕ್ಕೆ ಮೇಲೆ ಜೋಡಿ ಗರಿ (ತಲಾ 3), ಕೆಳಗೆ ಮೋಟುಬಾಲದ ಹಕ್ಕಿ (8). ಈ ಬಲಭಾಗದ 14 ಗೆರೆ ನಿಮಗೆ ಮೊದಲ ಹಂತವಾದ ಎನ್5ರಿಂದಲೇ ಪರಿಚಿತ: ವಾರದ ದಿನಗಳ ಹೆಸರಿನಲ್ಲಿ ಬರುವ ‘ಯೋ’ ಕಾಂಜಿಯಲ್ಲಿ ಸೂರ್ಯನ ಪಕ್ಕ ಇರುವುದು ಇದೇ, ಬಟ್ಟೆ ಒಗೆಯುವ ‘ಸೆಂತಕು’ವಿನ ‘ತಕು’ವಿನಲ್ಲಿ ನೀರಿನ ಪಕ್ಕ ಇರುವುದೂ ಇದೇ. ಸೂರ್ಯನಿದ್ದರೆ 18 ಗೆರೆ, ನೀರಿದ್ದರೆ 17, ಕಾಲಿದ್ದರೆ 21. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಕಲಿತರೆ ಆಮೇಲೆ ಕಲಸಿಹೋಗುವುದಿಲ್ಲ. ಈ ಕಾಂಜಿಯ ಸ್ವಂತ ಓದು ‘ಒದೊರು’, ಎದೆ ಕುಣಿಯುವುದಕ್ಕೆ (ಮುನೆ ಗ ಒದೊರು). ನೃತ್ಯದ ‘ಒದೊರು’ಗೆ ಬೇರೆ ಕಾಂಜಿ. ಯಕ್ಷಗಾನದ ಬಗ್ಗೆ ಬರೆಯುವಾಗ ಎಚ್ಚರ.

ಫೋನಿನಲ್ಲಿ ಟೈಪ್ ಮಾಡುವವರು ಮೊದಲು ಬಂದ ಆಯ್ಕೆಯನ್ನೇ ಒತ್ತುವುದು ರೂಢಿ. ಹಿಯಕು ಎಂದು ಹೊಡೆದರೆ ‘ಗುಟ್ಟಿನ ಔಷಧ’ವೂ ಬರಬಹುದು, ಯಕುಶಿನ್ ಎಂದರೆ ಮದ್ದಿನಿಂದ ಮೈಮೇಲೆ ಏಳುವ ‘ದದ್ದು’, ಕೋಜೋ ಎಂದರೆ ‘ಕಾರ್ಖಾನೆ’. ಕಂಪನಿಗೆ ದೊಡ್ಡ ದದ್ದು ಎದ್ದಿದೆ ಎಂದು ಮೇಲ್ ಕಳಿಸುವ ಮೊದಲು ಆ ಕಾಲನ್ನು ಹುಡುಕಿ.

ಅಭ್ಯಾಸ ಹೇಗೆ

ಕಾರ್ಡಿನ ಒಂದು ಬದಿಗೆ ಕನ್ನಡ ಪದ ಬರೆಯಬೇಡಿ, ಸಂದರ್ಭ ಬರೆಯಿರಿ. ‘ದಿಢೀರ್ ಪ್ರಗತಿ’ ಎಂದು ಬರೆದರೆ ಮತ್ತೆ ಮೊದಲಿನ ಹೊಂಡಕ್ಕೇ ಬೀಳುತ್ತೀರಿ. ‘ತಂಡ ಕೊನೆಯಿಂದ ಎರಡನೆಯದಕ್ಕೆ ಬಂತು’ ಎಂದು ಬರೆದು, ಹಿಂಬದಿಗೆ ವಿಭಕ್ತಿ ಮತ್ತು ಕ್ರಿಯಾಪದ ಸಮೇತ ಪೂರ್ತಿ ತುಂಡು ಬರೆಯಿರಿ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಹೊಂದದ ಒಂದು ಜೋಡಣೆ. 1, 3, 7, 21ನೇ ದಿನ ಮಗುಚಿ ಹಾಕಿದರೆ ಸಾಕು. ಜುಲೈ ಪರೀಕ್ಷೆಗೆ ಕೂರುವವರ ಕೊನೆಯ ತಿಂಗಳು ಮಲೆನಾಡಿನ ಜಡಿಮಳೆಯಲ್ಲೇ ಕಳೆಯುತ್ತದೆ. ಕರೆಂಟು, ನೆಟ್‌ವರ್ಕ್ ನಂಬುವಂತಿಲ್ಲವಾದ್ದರಿಂದ ಕಾಗದದ ಕಾರ್ಡೇ ಭದ್ರ. ಬೂಸಲು ಹಿಡಿಯದಂತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.

ಯಾವ ಜೋಡಣೆ ನಿಜಕ್ಕೂ ಬಳಕೆಯಲ್ಲಿದೆ ಎಂದು ಅನುಮಾನ ಬಂದರೆ ಜಪಾನಿನ ರಾಷ್ಟ್ರೀಯ ಭಾಷಾ ಸಂಸ್ಥೆ ನಿಂಜಲ್‌ನ ಸುಮಾರು 10 ಕೋಟಿ ಪದಗಳ ಬರಹ ಸಂಗ್ರಹವನ್ನು ‘ಚೂನಗೊನ್’ ಎಂಬ ಹುಡುಕು ವ್ಯವಸ್ಥೆಯಲ್ಲಿ ನೋಡಬಹುದು. ನೋಂದಣಿ ಉಚಿತ.

ಜೆಎಲ್‌ಪಿಟಿ ಬೆಂಗಳೂರಿನಲ್ಲಿ ನಡೆಯುತ್ತದೆ, ಜುಲೈ ಮತ್ತು ಡಿಸೆಂಬರ್‌ನ ಮೊದಲ ಭಾನುವಾರ. ಬರೆಯುವ, ಮಾತಾಡುವ ಭಾಗ ಇಲ್ಲ, ಎಲ್ಲವೂ ಆಯ್ಕೆಯ ಪ್ರಶ್ನೆ. ಪದ ವಿಭಾಗದ ‘ಯೋಹೋ’ ಪ್ರಶ್ನೆಯಲ್ಲಿ ಒಂದೇ ಪದವನ್ನು ನಾಲ್ಕು ವಾಕ್ಯದಲ್ಲಿ ಕೂರಿಸಿ ಸರಿಯಾದದ್ದು ಯಾವುದೆಂದು ಕೇಳುತ್ತಾರೆ. ಅಲ್ಲಿ ಅರ್ಥ ನೋಡಲು ಹೋಗಬೇಡಿ, ನಾಲ್ಕರಲ್ಲೂ ಅರ್ಥ ಹೊಂದುವ ಹಾಗೇ ಕಾಣುತ್ತದೆ. ಕರ್ತೃ ಯಾವುದು, ಕ್ರಿಯಾಪದ ಏರುವುದೋ ಇಳಿಯುವುದೋ, ವಿಭಕ್ತಿ ‘ಒ’ ಆಗಿಹೋಗಿದೆಯೋ ಎಂದು ನೋಡಿ ಹೊಡೆದುಹಾಕುತ್ತಾ ಬನ್ನಿ.

ಕೈ ಪಳಗಲು ಕೆಲವು. ಉತ್ತರ ಮುಚ್ಚಿಟ್ಟುಕೊಂಡು ಹೇಳಿ ನೋಡಿ.

ಆಪರೇಷನ್ ಆದ ಅಜ್ಜ ದಿನೇದಿನೇ ಚೇತರಿಸಿಕೊಳ್ಳುತ್ತಿದ್ದಾರೆ. – ‘ಮೆಕಿಮೆಕಿ ಕೈಫುಕು ಶಿತೆ ಇಮಸು’. ನಡುವಿನ ದಿನಗಳು ಕಾಣುತ್ತಿವೆ.

ಅಡಿಕೆ ಸುಲಿಯುವ ಯಂತ್ರ ಬಂದಮೇಲೆ ಕೆಲಸ ಹಲವು ಪಟ್ಟು ಬೇಗ ಆಗುತ್ತಿದೆ. – ‘ಸಗ್ಯೋ ನೊ ಕೋರಿತ್ಸು ಗ ಹಿಯಕುತೆಕಿ ನಿ ಅಗತ್ತ’. ಕಾರಣ ಇದೆ, ಹಿಂದು–ಮುಂದಿನ ಹೋಲಿಕೆ ಇದೆ.

ಭದ್ರಾವತಿಯ ತಂಡ ಕೊನೆಯ ಸ್ಥಾನದಿಂದ ಫೈನಲ್‌ಗೆ ಬಂತು. – ಯಕುಶಿನ್. ಪೈಪೋಟಿ, ತಂಡ ಎರಡೂ ಇವೆ.

ಸಾಗರದ ಸುತ್ತ ಎಲ್ಲಿ ನೋಡಿದರಲ್ಲಿ ಹೋಂಸ್ಟೇಗಳು ಎದ್ದಿವೆ. – ‘ಉಗೊ ನೊ ತಕೆನೊಕೊ ನೊ ಯೋ ನಿ’. ಹೋಂಸ್ಟೇಗಳು ಚೆನ್ನಾಗಿವೆ ಎಂದು ಇದರಲ್ಲಿ ಎಲ್ಲೂ ಹೇಳಿಲ್ಲ.

ತೋಟಗಳಲ್ಲಿ ಎಲೆಚುಕ್ಕಿ ರೋಗ ಬಹಳ ಬೇಗ ಹರಡಿತು. – ‘ಕ್ಯೂಸೊಕು ನಿ ಹಿರೊಗತ್ತ’. ಹಿಯಕುತೆಕಿ ಎಂದು ಬರೆದವರು ಮೇಲಿನ ‘ಶಹಬ್ಬಾಸ್’ ಸಾಲನ್ನು ಮತ್ತೊಮ್ಮೆ ಓದಿ.